ಅಧ್ಯಕ್ಷರ ಮೀಸೆಗೆ ಹಾರಿದ ನೀರು

ಚಿತ್ರದುರ್ಗದ ಕಾಲೇಜಿನಲ್ಲಿ ನಮಗೆ ಫ್ಯೂಯಲ್ ಸೆಲ್ ಕಲಿಸಿದ ಮೇಡಂ ಹೊಳಲ್ಕೆರೆ ಕಡೆಯವರು. ಹೈಡ್ರೋಜನ್ನು, ಗಾಳಿ ಸೇರಿಸಿ ಕರೆಂಟು ಹುಟ್ಟಿಸಿ, ಹೊಗೆಯ ಬದಲು ನೀರು ಬಿಡುವ ಆ ಪುಟ್ಟ ಪೆಟ್ಟಿಗೆಯೊಳಗೆ ಒಂದು ತೆಳು ಪೊರೆ ಇತ್ತು. ಅದು ಒಣಗಬಾರದು, ನೀರು ಕಟ್ಟಿಕೊಂಡು ಉಸಿರುಗಟ್ಟಲೂಬಾರದು. "ಒಣಗಿದ್ರೂ ಮುನಿಸ್ಕಂತೈತೆ, ನೆಂದ್ರೂ ಮುನಿಸ್ಕಂತೈತೆ, ಥೇಟ್ ನಮ್ಮ ಪ್ರಿನ್ಸಿಪಾಲ್ರು," ಎಂದು ಸೆರಗು ಸೊಂಟಕ್ಕೆ ಸಿಕ್ಕಿಸುತ್ತ ಪ್ರತಿ ತರಗತಿಯಲ್ಲೂ ಹೇಳುತ್ತಿದ್ದರು.

ಪ್ರಯೋಗಾಲಯ ಮುಚ್ಚುವುದೋ ಬಿಡುವುದೋ ಎಂದು ನೋಡಲು ಆಡಳಿತ ಮಂಡಳಿಯ ಅಧ್ಯಕ್ಷರು ಪ್ರಿನ್ಸಿಪಾಲರೊಂದಿಗೆ ಬಂದರು. ಅವರೆದುರಿಗೇ ಸೆಲ್ಲಿನ ಕರೆಂಟಿನಿಂದ ತಿರುಗುತ್ತಿದ್ದ ಪುಟ್ಟ ಫ್ಯಾನ್ ನಿಂತುಹೋಯಿತು. ಒಳಗೆ ಹುಟ್ಟಿದ ನೀರೇ ಗಾಳಿಯ ದಾರಿ ಕಟ್ಟಿತ್ತು.

"ಸ್ವಲ್ಪ ಹಿಂದಕ್ ಸರೀರಿ ಸಾರ್," ಎಂದರು ಮೇಡಂ. ಅಧ್ಯಕ್ಷರು ಸರಿಯುವ ಬದಲು ಬಗ್ಗಿ ನೋಡಿದರು. ಮೇಡಂ ಗಾಳಿಯ ಕೊಳವೆಗೆ ಬಾಯಿಟ್ಟು, ಕೆನ್ನೆಯುಬ್ಬಿಸಿ ಊದಿದರು. ಇನ್ನೊಂದು ತುದಿಯಿಂದ ಚಿಮ್ಮಿದ ಹನಿಗಳು ಅಧ್ಯಕ್ಷರ ಮೀಸೆಗೆ ಹಾರಿದವು. ಫ್ಯಾನ್ ತಿರುಗತೊಡಗಿತು.

"ಕ್ಷಮೆ ಕೇಳ್ರಿ!" ಎಂದು ಪ್ರಿನ್ಸಿಪಾಲರು ಹಲ್ಲು ಕಡಿದರು.

"ಯಾಕ್ರಿ ಸಾರ್? ಹೊಗೆ ಬಂದಿದ್ರೆ ಕೇಳ್ತಿದ್ದೆ. ಬಂದಿದ್ದು ನೀರು."

ಅಧ್ಯಕ್ಷರು ನಾಲಿಗೆಯಿಂದ ತುಟಿ ಸವರಿಕೊಂಡರು. "ನಮ್ಮೂರ ಬೋರ್ ನೀರಿಗಿಂತ ರುಚಿಯಾಗೈತಲ್ರಿ! ಇದನ್ನ ಮುಚ್ಚಬ್ಯಾಡ್ರಿ."

ಪ್ರಯೋಗಾಲಯ ಉಳಿಯಿತು. ಅದರಿಂದ ಕರೆಂಟೂ ಬರುತ್ತದೆಂದು ಅವರಿಗೆ ಯಾರೂ ಹೇಳಲು ಹೋಗಲಿಲ್ಲ.