ಮಿಂಚುಹುಲಿಗೆ ಇಟ್ಟ ಕುಂಕುಮ

ಬೆಳಗಿನ ಲಿಂಗಪೂಜೆ ಮುಗಿಸಿ ಎದ್ದ ಕೂಡಲೇ ವಿಮಲಮ್ಮ ಹಿತ್ತಲಿಗೆ ಹೋಗಿ ಕೈ ತೊಳೆಯುತ್ತಾರೆ. ಸೋಪು ಮುಟ್ಟುವುದಿಲ್ಲ, ಕಡಲೆಹಿಟ್ಟೇ ಆಗಬೇಕು. ವಿಭೂತಿ ಹಿಡಿದ ಮೂರು ಬೆರಳುಗಳನ್ನು ಒಂದೊಂದಾಗಿ ಉಜ್ಜಿ ತೊಳೆದು, ಹಳೆಯ ಪಂಚೆಯ ತುಂಡಿನಲ್ಲಿ ಒರೆಸಿಕೊಂಡು, ಕಿಟಕಿಯ ಬಳಿ ಬಂದು ಒಂದು ಬಿಳಿಯ ಕಾಗದದ ಚೂರಿನ ಮೇಲೆ ಒತ್ತುತ್ತಾರೆ. ಕಾಗದದಲ್ಲಿ ಏನೂ ಮೂಡದಿದ್ದರೆ ಸರಿ. ಮಸುಕಾಗಿ ಏನಾದರೂ ಕಂಡರೆ ಮತ್ತೆ ಹಿತ್ತಲಿಗೆ. ಪಾರ್ಸೆಲ್ ಇಲ್ಲದ ದಿನವೂ, ಮೈ ಸುಡುವ ಜ್ವರದ ದಿನವೂ ಇದು ತಪ್ಪಿದ್ದಿಲ್ಲ.

ಐವತ್ಮೂರು ವರ್ಷದ ಈ ಹೆಂಗಸು ಕಡೂರಿನ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಕೂತು ಟರ್ಕಿಗೆ, ಬ್ರೆಜಿಲ್‌ಗೆ, ಫಿನ್‌ಲೆಂಡಿಗೆ ಹಳೆಯ ಚಿತ್ರಕಥೆ ಪುಸ್ತಕಗಳನ್ನು ಮಾರುತ್ತಾರೆ ಎಂದರೆ ಅದೇ ಬೀದಿಯವರೂ ಒಮ್ಮೆ ತಲೆ ಎತ್ತಿ ನೋಡುತ್ತಾರೆ. ಪುಸ್ತಕಗಳು ಅವರ ಗಂಡ ಓಂಕಾರೇಶರ ಕಾಲದವು. ಮದುವೆಯಾದ ಹೊಸತರಲ್ಲಿ ಓಂಕಾರೇಶ್ ನಿಲ್ದಾಣದ ಎದುರು ಬಾಡಿಗೆ ಪುಸ್ತಕದ ಅಂಗಡಿ ಇಟ್ಟಿದ್ದರು. ಶಾಲೆ ಬಿಟ್ಟ ಮಕ್ಕಳು, ಬಸ್ಸು ತಪ್ಪಿಸಿಕೊಂಡ ದೊಡ್ಡವರು, ಎಲ್ಲರೂ ಅಲ್ಲೇ ಬೆಂಚಿನ ಮೇಲೆ ಕೂತು ಓದಿ ವಾಪಸು ಕೊಟ್ಟು ಹೋಗುತ್ತಿದ್ದರು. ಮನೆಮನೆಗೆ ಟೀವಿ ಬಂದಾಗ ಬೆಂಚು ಖಾಲಿಯಾಯಿತು, ಮೊಬೈಲ್ ಬಂದಾಗ ಅಂಗಡಿಯೇ ಹೋಯಿತು. ಓಂಕಾರೇಶ್ ಕೊಬ್ಬರಿ ಮಂಡಿಯಲ್ಲಿ ತೂಕದ ಕೆಲಸಕ್ಕೆ ಸೇರಿದರು. ಪುಸ್ತಕಗಳು ಹನ್ನೊಂದು ಟ್ರಂಕುಗಳಲ್ಲಿ ಅಟ್ಟ ಹತ್ತಿದವು. ಕಡಲೆಕಾಯಿ ಮಾರುವವರು ಎರಡು ಸಲ ಕೇಳಿಕೊಂಡು ಬಂದರೂ ವಿಮಲಮ್ಮ ಕೊಡಲಿಲ್ಲ. ಓದಿದ ಅಕ್ಷರದಲ್ಲಿ ಪೊಟ್ಟಣ ಕಟ್ಟಿಸುವುದಕ್ಕೆ ಅವರಿಗೆ ಮನಸ್ಸು ಬರಲಿಲ್ಲ, ಅಷ್ಟೇ.

ಎಂಟು ವರ್ಷದ ಹಿಂದೆ, ತರೀಕೆರೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ರಘುನಾಥ್ ಒಂದು ಸೀಮಂತದ ಫೋಟೋ ತೆಗೆಯಲು ಪಕ್ಕದ ಮನೆಗೆ ಬಂದಿದ್ದ. ಏಣಿ ಬೇಕೆಂದು ಇವರ ಅಟ್ಟ ಹತ್ತಿದವನು ಅಲ್ಲೇ ಕೂತುಬಿಟ್ಟ. ಇಂಥವನ್ನು ಹುಡುಕಿಕೊಂಡು ಜನ ಲೋಕವೆಲ್ಲ ಅಲೆಯುತ್ತಿದ್ದಾರೆ ಎಂದು ಅವನೇ ಫೋನಿನಲ್ಲಿ ಒಂದು ಮಾರಾಟದ ತಾಣ ತೆರೆದು ತೋರಿಸಿಕೊಟ್ಟ. ಮಿಕ್ಕಿದ್ದನ್ನು ವಿಮಲಮ್ಮ ತಾವೇ ಕಲಿತರು. ಎಸ್ಸೆಸ್ಸೆಲ್ಸಿಯ ಇಂಗ್ಲಿಷು, ಅದರ ಮೇಲೆ ಇದೇ ಪುಸ್ತಕಗಳಿಂದ ಕಲಿತ ಇಂಗ್ಲಿಷು. "ಕೈ ಮೇಲೆತ್ತು, ಇಲ್ಲದಿದ್ದರೆ ಸುಡುತ್ತೇನೆ" ಎಂದು ಬರೆಯಲು ಬರುತ್ತಿತ್ತು. "ದಯವಿಟ್ಟು ನಿಮ್ಮ ವಿಳಾಸ ಇನ್ನೊಮ್ಮೆ ತಿಳಿಸಿ" ಎಂದು ಬರೆಯಲು ಬರುತ್ತಿರಲಿಲ್ಲ. ಅದನ್ನೂ ಕಲಿತರು.

ಮೊದಲ ವರ್ಷ ಒಂದು ತಮಾಷೆ ನಡೆಯಿತು. ಮಡಿಕೆಯೂ ಬೀಳದ ಒಂದು ಪುಸ್ತಕದ ಫೋಟೋದ ಕೆಳಗೆ ವಿಮಲಮ್ಮ ವಿನಯದಿಂದ "ಗುಡ್" ಎಂದು ಬರೆದರು. ತಮ್ಮದನ್ನು ತಾವೇ ಹೊಗಳಿಕೊಳ್ಳಬಾರದಲ್ಲ. ಸಂಗ್ರಾಹಕರ ಭಾಷೆಯಲ್ಲಿ "ಗುಡ್" ಎಂದರೆ ಹರಿದು ಹಣ್ಣಾಗಿ ಹೇಗೋ ಉಳಿದದ್ದು ಎಂದು ಅವರಿಗೇನು ಗೊತ್ತು. ಪಾರ್ಸೆಲ್ ಬಿಚ್ಚಿದ ಟರ್ಕಿಯ ಗಿರಾಕಿ, ನೀವು ಯಾರಿಗೋ ಕಳಿಸಬೇಕಾದ್ದನ್ನು ನನಗೆ ಕಳಿಸಿಬಿಟ್ಟಿದ್ದೀರಿ ಎಂದು ಗಾಬರಿಯಲ್ಲಿ ಪತ್ರ ಬರೆದ. ಅವತ್ತಿನಿಂದ ವಿಮಲಮ್ಮ ಗುಡ್, ಫೈನ್ ಎಂಬ ಮಾತುಗಳ ಜೊತೆಗೆ ತಮ್ಮದೇ ಒಂದು ಪಟ್ಟಿ ಸೇರಿಸಲು ಶುರುಮಾಡಿದರು: ಎಡಮೂಲೆ ಸವೆದಿದೆ, ಕೆಳಗಿನ ಪಿನ್ನು ತುಕ್ಕು ಹಿಡಿದಿದೆ, ಹನ್ನೆರಡನೇ ಪುಟದಲ್ಲಿ ಯಾರೋ ಖಳನಾಯಕನಿಗೆ ಮೀಸೆ ಬರೆದಿದ್ದಾರೆ. ರಘುನಾಥ್ ಇದನ್ನು ನೋಡಿ ನಕ್ಕಾಗ ಅವರು ಹೇಳಿದ್ದು ಇಷ್ಟು: "ಹೆಣ್ಣು ತೋರ್ಸೋ ಶಾಸ್ತ್ರ ಅಲ್ಲ ಕಣಪ್ಪ ಇದು. ಇಲ್ಲಿ ಸೊಟ್ಟ ಏನಿದ್ರೂ ಮೊದ್ಲೇ ಹೇಳ್ಬಿಡ್ಬೇಕು."

ಹೀಗೆ ಹೇಳಿ ಹೇಳಿಯೇ ಅವರ ಹೆಸರು ನಿಂತಿತು. ಆ ಮಾರಾಟದ ತಾಣದಲ್ಲಿ ಕೊಂಡವರು ತಮ್ಮ ಅನುಭವ ಬರೆಯುವ ಜಾಗವೊಂದಿದೆ. ಏಳು ವರ್ಷದಲ್ಲಿ ವಿಮಲಮ್ಮನ ಪುಟದಲ್ಲಿ ಒಂದೇ ಒಂದು ಕೊಂಕಿನ ಮಾತಿಲ್ಲ. ಅಂಚೆ ಕಚೇರಿಯಲ್ಲೂ ಅವರ ಪಾರ್ಸೆಲ್ ಎಂದರೆ ದೂರದಿಂದಲೇ ಗುರುತು. ಎರಡು ರಟ್ಟುಗಳ ನಡುವೆ ಪುಸ್ತಕ, ಮೇಲೊಂದು ಪ್ಲಾಸ್ಟಿಕ್, ಅದರ ಮೇಲೆ ಬಿಳಿಯ ಬಟ್ಟೆ ಸುತ್ತಿ, ದಬ್ಬಣದಲ್ಲಿ ಹಾಕಿದ ಸಮಸಮ ಹೊಲಿಗೆ.

ಮಿಂಚುಹುಲಿಯ ಒಂಬತ್ತನೇ ಸಂಚಿಕೆ ಅವರ ಕೈಗೆ ಬಂದದ್ದು ಕಳೆದ ವರ್ಷದ ದಸರೆಗೆ ಮುಂಚೆ. ಮಿಂಚುಹುಲಿ ಎಂದರೆ ಹುಲಿಯ ಮುಖದ ಒಬ್ಬ ವೀರ. ಫಿನ್‌ಲೆಂಡಿನ ಯಾರೋ ಚಿತ್ರಗಾರ ಬರೆದದ್ದು. ಅದನ್ನು ಕನ್ನಡಕ್ಕೆ ತಂದ ಸಣ್ಣ ಮುದ್ರಣಾಲಯ ಹದಿಮೂರು ಸಂಚಿಕೆ ಹಾಕಿ ಬಾಗಿಲು ಮುಚ್ಚಿತ್ತು. ಅದೇ ಫಿನ್‌ಲೆಂಡಿನಲ್ಲಿ ಎಸ್ಕೋ ಎಂಬ ನಿವೃತ್ತ ಟ್ರಾಮ್ ಚಾಲಕರಿದ್ದಾರೆ. ತಮ್ಮ ನಾಡಿನ ಹುಲಿ ಯಾವ ಯಾವ ಭಾಷೆ ಮಾತಾಡಿದೆಯೋ ಅವನ್ನೆಲ್ಲ ಕೂಡಿಸಿಡುವುದು ಅವರ ಹುಚ್ಚು. ಕನ್ನಡದ ಹನ್ನೆರಡು ಸಿಕ್ಕಿದ್ದವು, ಎಂಟು ವಿಮಲಮ್ಮನಿಂದಲೇ ಹೋದವು. ಒಂಬತ್ತನೆಯದಕ್ಕೆ ನಾಲ್ಕು ವರ್ಷದಿಂದ ಕಾಯುತ್ತಿದ್ದರು.

ಅದು ಕೊನೆಗೂ ಸಿಕ್ಕಿದ್ದು ಕಾಂತರಾಜು ಎಂಬವರ ಹತ್ತಿರ. ಬುಕ್ಕಾಂಬುಧಿಯವರು, ಲಕ್ಕವಳ್ಳಿಯ ಅಣೆಕಟ್ಟಿನಲ್ಲಿ ನೀರಿನ ಮಟ್ಟ ಬರೆದಿಡುವ ಕೆಲಸ. ಹತ್ತು ವರ್ಷದವರಿದ್ದಾಗ ಅಜ್ಜಂಪುರದ ಸಂತೆಯಲ್ಲಿ ಕೊಂಡ ಪುಸ್ತಕವನ್ನು ನಲವತ್ತೆರಡು ವರ್ಷ ಬಟ್ಟೆಯಲ್ಲಿ ಸುತ್ತಿ, ಮನೆಯ ಬುದ್ಧನ ಚಿತ್ರದ ಹಿಂದಿನ ಗೂಡಿನಲ್ಲಿ ಇಟ್ಟುಕೊಂಡಿದ್ದರು. ಕೊಡುವಾಗ ಬಹಳ ಹೊತ್ತು ಕೈಯಲ್ಲೇ ಹಿಡಿದಿದ್ದರು.

"ನನ್ನ ಹೆಸ್ರು ಕೂಡ ಬರ್ಕೊಂಡಿಲ್ಲ ಕಣ್ರಮ್ಮ ಇದ್ರ ಮೇಲೆ. ಒಂದು ಗೆರೆ ಇಲ್ಲ. ಹಿಂಗೇ ಇಟ್ಕೊಳ್ಳೋರಿಗೆ ಕೊಡಿ," ಎಂದರು.

ವಿಮಲಮ್ಮ ಹಾಗೆಯೇ ಮಾತು ಕೊಟ್ಟರು. ಪಟ್ಟಿಯಲ್ಲಿ ಬರೆಯಲು ಹುಡುಕಿದರೂ ಕೊರತೆ ಸಿಗಲಿಲ್ಲ. ಏಳು ವರ್ಷದಲ್ಲಿ ಮೊದಲ ಬಾರಿಗೆ "ಯಾವ ಕಲೆಯೂ ಇಲ್ಲ" ಎಂದು ಬರೆದರು. ಎಸ್ಕೋ ಅವತ್ತೇ ಕೊಂಡರು.

ಅಷ್ಟರಲ್ಲಿ ಆಯುಧಪೂಜೆ ಬಂತು. ಅಂಚೆ ಕಚೇರಿಗೆ ರಜೆ. ಕತ್ತರಿ, ದಬ್ಬಣ, ಅಳತೆಪಟ್ಟಿ, ಫೋನು, ಎಲ್ಲವನ್ನೂ ಮಣೆಯ ಮೇಲೆ ಜೋಡಿಸುವಾಗ ವಿಮಲಮ್ಮ ಒಂಬತ್ತನೇ ಸಂಚಿಕೆಯನ್ನೂ ಪ್ಲಾಸ್ಟಿಕ್ ಹೊದಿಕೆಯ ಸಮೇತ ಪಕ್ಕಕ್ಕಿಟ್ಟರು. ಏಳು ಕಡಲು ದಾಟಿ ಹೋಗುವ ಪುಸ್ತಕ, ದೇವರ ಮುಂದೆ ಒಂದು ಗಳಿಗೆ ಇರಲಿ ಎಂದು. ಆಮೇಲೆ ಹೋಳಿಗೆ ತಟ್ಟಲು ಒಳಗೆ ಹೋದರು.

ಆಯುಧಗಳಿಗೆ ವಿಭೂತಿ ಕುಂಕುಮ ಇಡುವುದು ಅತ್ತೆ ತೀರ್ಥಮ್ಮನ ಪಾಲಿನ ಕೆಲಸ. ಎಂಬತ್ತೆರಡು ವರ್ಷ, ಕಣ್ಣು ಮಂಜು, ಶ್ರದ್ಧೆಗೆ ಮಾತ್ರ ಮಂಜು ಕವಿದಿಲ್ಲ. ಉದುರಬಾರದೆಂದು ಕುಂಕುಮವನ್ನು ನೀರಿನಲ್ಲಿ ಕಲಸಿಕೊಂಡಿದ್ದರು. ವಿಮಲಮ್ಮ ಮಂಗಳಾರತಿಯ ತಟ್ಟೆ ಹಿಡಿದು ಬಂದಾಗ ಹೊದಿಕೆ ಮಡಚಿ ಒಂದು ಕಡೆ ಇತ್ತು, ಪುಸ್ತಕ ಬರಿಮೈಯಲ್ಲಿತ್ತು. ಮುಖಪುಟದ ಹುಲಿಯ ಹಣೆಯ ನಟ್ಟನಡುವೆ ಹೆಬ್ಬೆರಳಗಲದ ಕೆಂಪು, ಹಸಿಹಸಿಯಾಗಿ.

ವಿಮಲಮ್ಮ ಆರತಿ ಎತ್ತಿದರು. ಆರತಿ ಇಳಿಸಿ, ಹತ್ತಿಯ ತುಂಡಿನಿಂದ ಒತ್ತಿ ನೋಡಿದರು. ಕೆಂಪು ಆಗಲೇ ಒಳಗಿಳಿದಿತ್ತು. ಒಂದನೇ ಪುಟ, ಎರಡನೇ ಪುಟ, ಮೂರನೆಯದರಲ್ಲಿ ನಸುಗೆಂಪು. ಸೊಸೆ ಪುಟ ಮಗುಚುವ ಸದ್ದಿನಿಂದಲೇ ಅತ್ತೆಗೆ ಏನೋ ಆಗಿದೆಯೆಂದು ತಿಳಿಯಿತು.

"ಪ್ಲಾಸ್ಟಿಕ್ ಮೇಲಿಟ್ರೆ ಪೂಜೆ ಎಲ್ಲಿಗೆ ಸೇರ್ತದವ್ವ? ಅದುಕ್ಕೇ ತೆಗ್ದೆ," ಎಂದರು ತೀರ್ಥಮ್ಮ. "ಹುಲಿ ಅಂದ್ರೆ ದೇವಿ ಕೂರೋ ಹುಲಿ. ಬೋಳು ಹಣೇಲಿ ಪರದೇಸಕ್ಕೆ ಕಳ್ಸಕ್ಕಾಗ್ತದಾ? ಯಾಕೆ, ತಪ್ಪಾಯ್ತೇನೇ?"

ವಿಮಲಮ್ಮ ಪುಸ್ತಕವನ್ನು ಎತ್ತಿ ಒಣಗಲು ಕಿಟಕಿಯ ಬಳಿ ಇಟ್ಟರು. ಮಣೆಯ ಮೇಲೆ ಇಟ್ಟದ್ದು ತಾನೇ ಅಲ್ಲವೇ. ಪೂಜೆಗೆಂದು ಇಟ್ಟ ಮೇಲೆ ಪೂಜೆ ಮಾಡಬೇಡಿ ಎಂದು ಹೇಳುವುದು ಯಾವ ನ್ಯಾಯ. ಅತ್ತೆಗೆ ಹೋಳಿಗೆ ಬಡಿಸಿ, ತುಪ್ಪ ಹಾಕಿ, ಪಕ್ಕದಲ್ಲಿ ಕೂತು ಇದ್ದದ್ದನ್ನು ಮೆಲ್ಲಗೆ ತಿಳಿಸಿದರು. ತೀರ್ಥಮ್ಮ ಅರ್ಧ ಹೋಳಿಗೆ ಹಾಗೆಯೇ ಬಿಟ್ಟು ಎದ್ದರು.

ಮೂರನೇ ದಿನ ವಿಮಲಮ್ಮ ಪುಸ್ತಕವನ್ನು ರಟ್ಟುಗಳ ನಡುವೆ ಇಟ್ಟು ತರೀಕೆರೆಯ ಬಸ್ಸು ಹತ್ತಿದರು. ರಘುನಾಥ್ ತೆಗೆದ ಫೋಟೋದಲ್ಲಿ ಕುಂಕುಮ ಚಿತ್ರದ ಭಾಗವೇ ಎಂಬಂತೆ ಕೂತಿತ್ತು, ಬೇಕೆಂದೇ ಬರೆದಂತೆ. ಇದು ಬೇಡವೆಂದರು. ಅಂಗಡಿಯ ಹೊರಗೆ ಬಿಸಿಲಿಗೆ ತಂದು, ಕಲೆ ಎಲ್ಲಕ್ಕಿಂತ ಕೆಟ್ಟದಾಗಿ ಕಾಣುವ ಓರೆ ಸಿಗುವ ತನಕ ಪುಸ್ತಕ ತಿರುಗಿಸಿದರು. "ಮದ್ವೆ ಫೋಟೋಕ್ಕೂ ಇಷ್ಟು ಕಾಡ್ಸಿಲ್ಲ ಯಾರೂ," ಎಂದು ಗೊಣಗುತ್ತಲೇ ರಘುನಾಥ್ ಏಳು ಫೋಟೋ ತೆಗೆದ.

ಅಲ್ಲಿಂದಲೇ ಕಾಂತರಾಜುಗೆ ಫೋನು ಮಾಡಿದರು. ಅದೇ ಕಷ್ಟದ ಕೆಲಸ. ನಲವತ್ತೆರಡು ವರ್ಷ ಗೆರೆಯಿಲ್ಲದೆ ಇದ್ದದ್ದು ನಮ್ಮ ಮನೆಯಲ್ಲಿ ಹನ್ನೊಂದು ದಿನ ಇರಲಿಲ್ಲ ಎಂದರು. ಆ ಕಡೆ ಅಣೆಕಟ್ಟಿನಿಂದ ನೀರು ಬಿಡುವ ಸದ್ದು ಕೇಳುತ್ತಿತ್ತು. ಕಾಂತರಾಜು, ಹೇಳಿದ್ದು ಒಳ್ಳೇದಾಯ್ತು, ಎಂದಷ್ಟೇ ಹೇಳಿ ಫೋನು ಇಟ್ಟರು. ಆ ಮಾತು ಒಪ್ಪಿಗೆಯೋ ನೋವೋ ವಿಮಲಮ್ಮನಿಗೆ ಇವತ್ತಿಗೂ ತಿಳಿದಿಲ್ಲ.

ಎಸ್ಕೋಗೆ ಬರೆದ ಪತ್ರ ಚಿಕ್ಕದು. ಯಾವ ಕಲೆಯೂ ಇಲ್ಲ ಎಂದು ಬರೆದಿದ್ದೆ, ಈಗ ಇದೆ, ಮುಖಪುಟದಿಂದ ಮೂರನೇ ಪುಟದವರೆಗೆ ಇಳಿದಿದೆ, ಫೋಟೋ ನೋಡಿ, ಬೇಡವೆಂದರೆ ನನಗೆ ಬೇಸರವಿಲ್ಲ. ಬೇಸರವಿಲ್ಲ ಎಂಬುದೊಂದು ಮಾತು ಮಾತ್ರ ನಿಜವಾಗಿರಲಿಲ್ಲ. ಬೇಡವೆಂದರೆ ಆ ಪುಸ್ತಕ ಇನ್ನು ಯಾರಿಗೂ ಸಲ್ಲದು. ಕಾಂತರಾಜುಗೆ ಕೊಟ್ಟ ಮಾತಿಗೆ ಅಲ್ಲಿಗೆ ಎಳ್ಳುನೀರು ಬಿಟ್ಟಂತೆ. ಏಳು ವರ್ಷದ ಹೆಸರು ಕೂಡ ಯಾವುದೋ ದೂರದ ಊರಿನವರ ಒಂದು ಸಾಲಿನ ಮೇಲೆ ನಿಂತಿತ್ತು.

ಆರು ದಿನ ಉತ್ತರವಿಲ್ಲ. ದಿನಾ ಬೆಳಿಗ್ಗೆ ತೀರ್ಥಮ್ಮ, ಆ ಚಳಿ ಸೀಮೆಯವನು ಏನಂದ, ಎಂದು ಕೇಳುವರು. ಏನೂ ಅಂದಿಲ್ಲ ಎಂದರೆ ಜಪಮಣಿ ಹಿಡಿದು ಗೋಡೆಗೆ ಒರಗುವರು. ಏಳನೇ ದಿನ ನಾಲ್ಕು ಪ್ರಶ್ನೆಗಳು ಬಂದವು. ಕಾಗದ ಮೆತ್ತಗಾಗಿದೆಯೇ, ಬಣ್ಣ ಕೈಗೆ ಅಂಟುತ್ತದೆಯೇ, ಪಿನ್ನಿಗೆ ನೀರು ತಾಗಿದೆಯೇ, ಇದನ್ನು ಯಾರು ಇಟ್ಟರು, ಏಕೆ. ಮೊದಲ ಮೂರಕ್ಕೆ ಒಂದೊಂದು ಸಾಲು ಸಾಕಾಯಿತು. ನಾಲ್ಕನೆಯದಕ್ಕೆ ವಿಮಲಮ್ಮ ಒಂದು ಮಧ್ಯಾಹ್ನವಿಡೀ ಕೂತರು. ಅನ್ನ ಕೊಡುವ ವಸ್ತುವಿಗೆ ವರ್ಷಕ್ಕೊಮ್ಮೆ ಕೈ ಮುಗಿಯುವುದು ನಮ್ಮ ಪದ್ಧತಿ, ನನ್ನ ಅತ್ತೆ ನಿಮ್ಮ ಹುಲಿಗೆ ಕೈ ಮುಗಿದಿದ್ದಾರೆ, ಎಂದು ಬರೆದು ಮುಗಿಸಿದರು.

ಕಳಿಸಿ ಎಂದು ಒಂದೇ ಮಾತಿನ ಉತ್ತರ ಬಂತು.

ಕಲೆಯ ಎರಡು ಪಕ್ಕಕ್ಕೂ ಬೆಣ್ಣೆಕಾಗದ ಇಟ್ಟು, ಎಂದಿಗಿಂತ ಒತ್ತಾಗಿ ಹೊಲಿದು ಕಳಿಸಿದರು. ಇಪ್ಪತ್ಮೂರನೇ ದಿನ, ಮಂಡಿಯಿಂದ ಊಟಕ್ಕೆ ಬಂದ ಓಂಕಾರೇಶ್ ಕೈ ತೊಳೆಯುತ್ತಿದ್ದಾಗ ಎಸ್ಕೋ ಪತ್ರ ಬಂತು. ಪುಸ್ತಕ ತಲುಪಿದೆ, ಎಂಟಕ್ಕೂ ಹತ್ತಕ್ಕೂ ನಡುವೆ ನಾಲ್ಕು ವರ್ಷ ಖಾಲಿಯಿದ್ದ ಜಾಗ ತುಂಬಿದೆ, ನಿಮ್ಮ ಅತ್ತೆಗೆ ನನ್ನ ನಮಸ್ಕಾರ. ಇಷ್ಟಾದ ಮೇಲೆ ಇನ್ನೊಂದು ಮಾತಿತ್ತು. ನಿಮ್ಮ ಪುಟದಲ್ಲಿ ನಾನು "ಮೊದಲು ಹೇಳಿದಂತೆಯೇ ಇದೆ, ಯಾವ ಕಲೆಯೂ ಇಲ್ಲ" ಎಂದು ಬರೆಯುತ್ತೇನೆ. ಸಂಗ್ರಾಹಕರನ್ನು ನಾನು ಬಲ್ಲೆ, ಕಲೆ ಎಂಬ ಪದ ಕಂಡರೆ ಸಾಕು, ಮುಂದೆ ಓದುವುದಿಲ್ಲ. ನನ್ನ ಕಪಾಟು ತೆಗೆದು ನೋಡುವವರು ಯಾರೂ ಇಲ್ಲ. ಇಷ್ಟಾದರೂ ನಿಮಗೆ ಮಾಡಬೇಕೆಂದು ನನ್ನ ಆಸೆ.

ವಿಮಲಮ್ಮ ಗಟ್ಟಿಯಾಗಿ ಓದಿ ಕನ್ನಡದಲ್ಲಿ ಹೇಳಿದರು. ಗೋಡೆಗೆ ಒರಗಿದ್ದ ತೀರ್ಥಮ್ಮ ನೆಟ್ಟಗೆ ಕೂತರು.

"ಒಳ್ಳೇ ಮನ್ಸ ಕಣೇ. ಅವ್ರೇ ಬರೀತೀನಿ ಅಂತಿದ್ದಾರೆ, ಬರ್ಕೊಳ್ಳಿ ಬಿಡು," ಎಂದರು ಓಂಕಾರೇಶ್. "ನಾವೇನ್ ಕೇಳಿದ್ವಾ?"

"ಬರ್ಕೊಂಡ್ರೆ ಅತ್ತೆ ಇಟ್ಟ ಕುಂಕುಮ ಇಲ್ಲ ಅಂದಂಗಾಯ್ತು," ಎಂದರು ವಿಮಲಮ್ಮ. "ಇದೆ ಅಂತ ನಾನ್ ಹೇಳಿದ್ದೂ ಸುಳ್ಳಾಯ್ತು."

ಓಂಕಾರೇಶ್ ತಟ್ಟೆ ಮುಂದಕ್ಕೆಳೆದುಕೊಂಡರು. ವಿಮಲಮ್ಮ ಅವರಿಗೆ ಸಾರು ಬಡಿಸಿ, ಕೈ ಒರೆಸಿಕೊಂಡು, ಫೋನು ತೆಗೆದುಕೊಂಡು ಒಂದೊಂದೇ ಅಕ್ಷರ ಒತ್ತಿದರು. ನಿಮ್ಮ ಒಳ್ಳೆಯ ಮನಸ್ಸಿಗೆ ಶರಣು. ಆ ಉಪಕಾರ ನನಗೆ ಬೇಡ. ಹಣೆಯ ಮೇಲೆ ಕುಂಕುಮ ಇದೆ, ಮೂರನೇ ಪುಟಕ್ಕೆ ಇಳಿದಿದೆ ಎಂದೇ ಬರೆಯಿರಿ.