ಹೊಳೆ ದಾಟುವ ಜಾಗ

ಹೋದ ವಾರ ವಾಡಿಯಲ್ಲಿ ನಮ್ಮ ಓಣಿಯ ರಸ್ತೆಗೆ ಡಾಂಬರು ಹಾಕುತ್ತಿದ್ದರು. ಕಾಯಿಸಿದ ಡಾಂಬರಿನ ವಾಸನೆ ಅಡುಗೆಮನೆಯವರೆಗೂ ಬಂತು. ಸನ್ನತಿಯ ಭೀಮಾ ದಂಡೆಯಲ್ಲಿ ಹರಿಗೋಲನ್ನು ಬೋರಲು ಹಾಕಿ, ಅದರ ತಳಕ್ಕೆ ಡಾಂಬರು ಬಳಿಯುತ್ತಿದ್ದ ಅಂಬಿಗ, ಊರೆಲ್ಲ ಕಾಕಾ ಎನ್ನುತ್ತಿದ್ದ ಹಿರಿಯರು ನೆನಪಾದರು. ಎದ್ದು ಕಿಟಕಿ ಮುಚ್ಚಿದೆ. ವಾಸನೆ ಒಳಗೇ ಉಳಿಯಿತು...

ಅವರ ಪರಿಚಯವಾದಾಗ ನಾನು ಚಿತ್ತಾಪುರದ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತ, ಶಾತವಾಹನರ ಕಾಲದ ವ್ಯಾಪಾರದ ಮೇಲೆ ಪಿಎಚ್.ಡಿ. ಮಾಡುತ್ತಿದ್ದೆ. ಕಡಲಾಚೆಯ ನಾಣ್ಯ, ದೂರದೂರಿನ ಮಣಿ, ಶಂಖದ ಬಳೆ ಎರಡು ಸಾವಿರ ವರ್ಷದ ಹಿಂದೆ ನಮ್ಮ ಈ ಸೀಮೆಗೆ ಹೇಗೆ ಬಂದವು ಎಂಬುದೇ ನನ್ನ ತಲೆ ತಿನ್ನುತ್ತಿದ್ದ ಪ್ರಶ್ನೆ. ಆ ವ್ಯಾಪಾರದಿಂದಲೇ ಅರಸರಿಗೆ ಸುಂಕ, ಊರಿಗೆ ಕಸುಬು, ಸನ್ನತಿಯ ಬೌದ್ಧ ಸ್ತೂಪಕ್ಕೆ ಕೆತ್ತಿದ ಕಲ್ಲು. ಸರಕೆಲ್ಲ ಕೃಷ್ಣೆಯಿಂದ ಭೀಮೆಗೆ ದೋಣಿಗಳಲ್ಲಿ ಬಂತೆಂದು ಬರೆದೂ ಆಗಿತ್ತು. ಒಂದು ಮುಂಜಾನೆ ಹರಿಗೋಲಿನಲ್ಲಿ ಕೂತು ಕಾಕಾಗೆ ಅದನ್ನೇ ಹೇಳಿದೆ. ಅವರು ಹುಟ್ಟು ಹಾಕುವುದನ್ನು ನಿಲ್ಲಿಸಿ ನಕ್ಕರು.

“ಹೊಳಿ ರಸ್ತಾ ಅಲ್ರಿ ಅಕ್ಕೋರ. ಇಲ್ಲಿಂದ ಕೆಳಗ ಬರೇ ಕಲ್ಲ ಅವ. ಮಳಿಗಾಲದಾಗ ದೋಣಿ ಒಡೀತದ, ಬ್ಯಾಸಗ್ಯಾಗ ತಳ ತಾಕ್ತದ. ಮಾಲು ಎತ್ತಿನ ಮ್ಯಾಲ ಬಂದದ. ಇಲ್ಲಿ ಹೊಳಿ ದಾಟ್ಯದ.”

ಸೇತುವೆ ಇಲ್ಲದಾಗ ಅವರ ಅಪ್ಪನ ಕಾಲದಲ್ಲೂ ಹಾಗೇ ಇತ್ತಂತೆ. ಹೊಳೆ ಏರಿದರೆ ಎತ್ತು, ಮೂಟೆ, ಮಂದಿ ಎಲ್ಲ ದಂಡೆಯಲ್ಲಿ ಎಂಟೆಂಟು ದಿನ ಬೀಡು ಬಿಡುತ್ತಿದ್ದರಂತೆ. ಅವರಿಗೆ ರೊಟ್ಟಿ ಬೇಕು, ಎತ್ತಿಗೆ ಲಾಳ ಬೇಕು, ಹೊತ್ತು ಕಳೆಯಲು ಹಾಡು, ಕತೆ ಬೇಕು. ಹೊಳೆ ಇಳಿಯಲೆಂದು ದೇವರಿಗೂ ಏನಾದರೂ ಕೊಡುತ್ತಿದ್ದರಂತೆ. “ಕುಂತ ಮಂದಿಯಿಂದ ಊರು ಬೆಳೀತದ್ರಿ,” ಎಂದರು. ನಾನು ಓದಿದ್ದ ಯಾವ ಪುಸ್ತಕದಲ್ಲೂ ಇದು ಇರಲಿಲ್ಲ.

ಮನೆಗೆ ಬಂದು ಆ ಅಧ್ಯಾಯವನ್ನು ಪೂರಾ ತಿರುಗಿಸಿ ಬರೆದೆ. ಕಾಕಾ ಹೆಸರನ್ನು ಅಡಿಟಿಪ್ಪಣಿಯಲ್ಲಿ ಹಾಕಿದ್ದೆ. ನನ್ನ ಮಾರ್ಗದರ್ಶಕರು ಅದರ ಮೇಲೆ ಪೆನ್ಸಿಲ್ ಗೆರೆ ಎಳೆದರು. ಹರಿಗೋಲು ನಡೆಸುವವರ ಮಾತು ಆಧಾರವಾಗುವುದಿಲ್ಲ, ನಿಮ್ಮದೇ ಕ್ಷೇತ್ರಕಾರ್ಯ ಎಂದು ಹಾಕಿ ಎಂದರು. ನಾನು ಎದುರಾಡಲಿಲ್ಲ. ನಿಜ ಹೇಳಬೇಕೆಂದರೆ, ಒಳಗೊಳಗೇ ಖುಷಿಯೂ ಆಗಿತ್ತು.

ಆ ಪ್ರಬಂಧವೇ ಪುಸ್ತಕವಾಗಿ ಬಂದ ಮೇಲೆ ಶಹಾಬಾದದಲ್ಲಿ ಒಂದು ಉಪನ್ಯಾಸ ಇಟ್ಟಿದ್ದರು. ಬರಲಿಕ್ಕಿಲ್ಲ ಎಂದುಕೊಂಡೇ ಕಾಕಾಗೂ ಹೇಳಿದ್ದೆ. ಅವರು ಎರಡು ಬಸ್ಸು ಬದಲಿಸಿ, ಒಗೆದ ಧೋತರ ಉಟ್ಟು ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ಹಿರಿಯರೊಬ್ಬರು ಎದ್ದು, ಈ ವಿಚಾರ ನಿಮಗೆ ಹೊಳೆದದ್ದು ಹೇಗೆ ಎಂದು ಕೇಳಿದರು. ಕಾಕಾ ನನ್ನನ್ನೇ ನೋಡುತ್ತಿದ್ದರು. ಹೊಳೆಯ ದಂಡೆಯಲ್ಲಿ ತಿಂಗಳುಗಟ್ಟಲೆ ಓಡಾಡಿ ಕಂಡುಕೊಂಡೆ ಎಂದುಬಿಟ್ಟೆ.

ಮುಗಿದ ಮೇಲೆ ಅವರು ಹತ್ತಿರ ಬಂದರು. “ಛಲೋ ಹೇಳಿದ್ರಿ ಅಕ್ಕೋರ. ಮೊಣಕಾಲ ನೀರಿದ್ರಷ್ಟೇ ದಾಟ್ತಾರ ಅಂದ್ರಲ್ಲ, ಅದೊಂದು ತಪ್ಪದ. ಎತ್ತು ಹೊಟ್ಟಿ ಮಟ್ಟ ನೀರಾಗೂ ದಾಟ್ತಾವ. ಬುಕ್ಕಿನಾಗ ತಿದ್ದರಿ.” ಜೊತೆಗಿದ್ದ ಸಹೋದ್ಯೋಗಿ ಇವರು ಯಾರು ಎಂದು ಕೇಳಿದಳು. “ಹರಿಗೋಲಿನವರು, ಒಮ್ಮೆ ಹೊಳೆ ದಾಟಿಸಿದ್ದರು,” ಎಂದೆ. ಕಾಕಾ ಟವೆಲ್ಲನ್ನು ಹೆಗಲ ಮೇಲೆ ಸರಿಮಾಡಿಕೊಂಡು “ಹೌದ್ರಿ” ಎಂದರು. ಅಷ್ಟೇ.

ಆಮೇಲೆ ಸನ್ನತಿಗೆ ಹೋಗುವುದನ್ನೇ ಬಿಟ್ಟೆ. ಎರಡು ವರ್ಷದ ನಂತರ, ಹೊಳೆ ತೀರಾ ಬತ್ತಿದ ಬೇಸಿಗೆಯಲ್ಲಿ, ಕಾಕಾ ಬಸ್ ಕಂಡಕ್ಟರ್ ಕೈಯಲ್ಲಿ ಹೇಳಿಕಳಿಸಿದರು. ದಾಟುವ ಜಾಗದಲ್ಲಿ ಹಾಸುಗಲ್ಲು ಬಯಲಾಗಿದೆ, ಅದರ ಮೇಲೆ ಗಾಲಿ ಉರುಳಿ ಸವೆದ ಗುರುತು ಇದೆ, ಬಂದು ನೋಡಿ ಎಂದು. ವಾರ ಬಿಟ್ಟು ಮತ್ತೆ ಹೇಳಿಕಳಿಸಿದರು. ಕೆಳಗೆ ಬ್ಯಾರೇಜು ಏಳುತ್ತಿದೆ, ನೀರು ನಿಂತರೆ ಮತ್ತೆ ಕಾಣುವುದಿಲ್ಲ ಎಂದು. ಉತ್ತರಪತ್ರಿಕೆ ತಿದ್ದುವುದಿದೆ ಎಂದು ಎರಡು ಸಲವೂ ತಿರುಗಿ ಹೇಳಿಸಿದೆ. ಅವರ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಮೂರ್ನಾಲ್ಕು ವರ್ಷ ಬಿಟ್ಟು ಕೊನೆಗೂ ಸನ್ನತಿಗೆ ಹೋದಾಗ ಹೊಳೆ ದಂಡೆಯಿಂದ ದಂಡೆಗೆ ತುಂಬಿ ನಿಂತಿತ್ತು. ಮನೆಯಲ್ಲಿ ಸೊಸೆ ಇದ್ದಳು. ಮಾವ ತೀರಿಕೊಂಡು ಎರಡು ಶ್ರಾವಣ ಆಯಿತು ಎಂದು ಹೇಳಿ ಚಹಾ ಕೊಟ್ಟಳು. ಸ್ವಲ್ಪ ಹೊತ್ತಿನ ಮೇಲೆ, “ಅಕ್ಕೋರು ಬರ್ತಾರ ಅಂತ ಆ ಕಲ್ಲಿನ ಮ್ಯಾಲಿನ ಕೆಸರು ತೊಳದಿದ್ರು ನೋಡ್ರಿ. ಬಸ್ ಬರೋ ಹೊತ್ತಿಗಿ ದಿನಾ ಅಲ್ಲಿ ಹೋಗಿ ಕುಂದರ್ತಿದ್ರು,” ಎಂದಳು. ದೂರುವ ದನಿಯಲ್ಲಿ ಹೇಳಲಿಲ್ಲ.

ಆ ಗುರುತು ಎಷ್ಟು ಹಳೆಯದಿತ್ತೋ... ಶಾತವಾಹನರದೋ, ಕಾಕಾನ ಅಜ್ಜನ ಕಾಲದ ಚಕ್ಕಡಿಯದೋ, ಈಗ ಯಾರೂ ಹೇಳಲಾರರು.

ಈ ತಿಂಗಳು ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಸೇಡಂ ಕಡೆಯ ಹುಡುಗಿಯೊಬ್ಬಳು ನೀರನ್ನೇ ನೋಡುತ್ತ, ಎತ್ತುಗಳು ಸರಿಯಾಗಿ ಎಲ್ಲಿ ದಾಟುತ್ತಿದ್ದವು ಮೇಡಂ ಎಂದು ಕೇಳಿದಳು. ಇಲ್ಲೇ ಎಲ್ಲೋ ಎನ್ನಲು ಬಾಯಿ ತೆರೆದೆ. ಆಗಲಿಲ್ಲ.

“ನನಗೆ ಗೊತ್ತಿಲ್ಲಮ್ಮ. ಗೊತ್ತಿದ್ದವರು ಎರಡು ಸಲ ಕರೆದಿದ್ದರು. ನಾನೇ ಹೋಗಲಿಲ್ಲ,” ಎಂದೆ.

ಅವಳು ತಲೆ ಬಗ್ಗಿಸಿ ಅದನ್ನೂ ನೋಟ್ಸಿನಲ್ಲಿ ಬರೆದುಕೊಂಡಳು.