ರವಿಕೆ ಬಿಗಿಯಾದರೆ ಬಂದು ಹೇಳಿ

ಡಾಕ್ಟರು ನನಗೆ ಒಪ್ಪಿಸಿದ್ದು ಒಂದೇ ಒಂದು ಕೆಲಸ. ಅದನ್ನು ನಾನು ಮಾಡಲಿಲ್ಲ. "ಈ ಮಾತ್ರೆಗೆ ಹಸಿವು ಜಾಸ್ತಿಯಾಗುತ್ತೆ, ಕೆಲವರಿಗೆ ತೂಕ ಬೇಗ ಏರುತ್ತೆ. ತಂಗಿಯ ಬಟ್ಟೆ ಬಿಗಿಯಾಗೋಕೆ ಶುರುವಾದ್ರೆ ತಡಮಾಡದೆ ಬಂದು ಹೇಳಿ" ಎಂದಿದ್ದರು. ಬಟ್ಟೆ ಬಿಗಿಯಾಯಿತು. ನಾನು ಹೇಳಲಿಲ್ಲ, ಸಡಿಲ ಮಾಡಿದೆ.

ಇದರಲ್ಲಿ ಡಾಕ್ಟರದೂ ಸ್ವಲ್ಪ ತಪ್ಪಿದೆ ಎಂದು ನನ್ನ ವಾದ. ಬಟ್ಟೆ ಬಿಗಿ ಎಂಬ ಮಾತನ್ನು ಹೊಲಿಗೆಯವಳ ಮುಂದೆ ಆಡಬಾರದು. ರಾಮಕೃಷ್ಣನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ರವಿಕೆ ಹೊಲಿದೇ ಬದುಕಿದವಳು ನಾನು. ಶಾಲೆ ಏಳನೇ ಕ್ಲಾಸಿಗೆ ಮುಗಿಯಿತು. ಆಮೇಲೆ ಕಲಿತದ್ದೆಲ್ಲ ಹೆಂಗಸರ ಬೆನ್ನು ನೋಡಿ. ಬಿಗಿ ಎಂದರೆ ಓದಿದವರು ಯಾಕೆ ಎಂದು ಯೋಚಿಸುತ್ತಾರೋ ಏನೋ, ನನ್ನ ಕೈ ಮಾತ್ರ ತಾನಾಗಿಯೇ ಹೊಲಿಗೆ ಬಿಚ್ಚುವ ಕೊಕ್ಕೆಯನ್ನು ಹುಡುಕುತ್ತದೆ.

ಗಂಡಸರ ಅಂಗಿಗಿಲ್ಲದ ಕರುಣೆ ರವಿಕೆಗಿದೆ. ಅಂಗಿ ಹೊಟ್ಟೆಯ ಹತ್ತಿರ ಗುಂಡಿ ಹಾರಿಸಿ ಊರಿಗೆಲ್ಲ ಸುದ್ದಿ ಹೇಳಿಬಿಡುತ್ತದೆ. ರವಿಕೆ ಹಾಗಲ್ಲ. ಇವಳು ಬಾಣಂತನವನ್ನೂ ಹೋಳಿಗೆಯ ಹಬ್ಬಗಳನ್ನೂ ದಾಟಬೇಕಾದವಳು ಎಂದು ಮೊದಲೇ ತಿಳಿದು, ಪಕ್ಕದಲ್ಲಿ ಬಟ್ಟೆ ಮಡಚಿಟ್ಟುಕೊಂಡು, ಅದರ ಮೇಲೆ ಎರಡು ಮೂರು ಸಾಲು ಹೊಲಿಗೆ ಹಾಕಿಸಿಕೊಂಡು ಕಾಯುತ್ತಿರುತ್ತದೆ. ಒಂದು ಸಾಲು ಬಿಚ್ಚಿದರೆ ಒಂದು ದೀಪಾವಳಿ ಮಾಫಿ. "ಒಗೆದೂ ಒಗೆದೂ ಕುಗ್ಗೋಗಿದೆ ಕಣಮ್ಮ" ಎನ್ನುತ್ತಾರೆ ಗಿರಾಕಿಗಳು. "ಹೌದು ಕಣ್ರೀ, ಈಗಿನ ಬಟ್ಟೇನೇ ಹಂಗೆ" ಎನ್ನುತ್ತೇನೆ ನಾನು. ಈ ಸುಳ್ಳು ಹೊಲಿಗೆಯ ಕೂಲಿಯಲ್ಲೇ ಸೇರಿದೆ.

ನನ್ನ ತಂಗಿ ಸುಮ ಕುವೆಂಪುನಗರದ ಒಂದು ಪುಸ್ತಕ, ಪೆನ್ನಿನ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಹೋದ ವರ್ಷ ಅವಳಿಗೆ ಗೋಡೆಯೊಳಗಿಂದ ಯಾರೋ ಬೈಯುವುದು ಕೇಳಿಸತೊಡಗಿತು. ನಿದ್ದೆ ಹೋಯಿತು, ಕೆಲಸವೂ ಹೋಗುವುದರಲ್ಲಿತ್ತು. ಮಾತ್ರೆ ಶುರುವಾದ ಮೇಲೆ ಗೋಡೆ ಸುಮ್ಮನಾಯಿತು, ಹೊಟ್ಟೆ ಮಾತಾಡತೊಡಗಿತು. ಉಪ್ಪಿಟ್ಟು ತಿನ್ನುತ್ತಲೇ ಮಧ್ಯಾಹ್ನಕ್ಕೆ ಏನು ಸಾರು ಎಂದು ಕೇಳುವಳು. "ಉಣ್ಣೋವಾಗ್ಲೂ ಹಸಿವಾಗ್ತದೆ ಕಣಕ್ಕ. ತುಂಬ್ತು ಅಂತ ಹೊಟ್ಟೆ ಹೇಳೋದೇ ಇಲ್ಲ" ಎನ್ನುವಳು. ಪಕ್ಕದ ಮನೆಯ ಒಗ್ಗರಣೆಗೆ ಇಂಗು ಬಿತ್ತೋ ಬೆಳ್ಳುಳ್ಳಿ ಬಿತ್ತೋ ಎಂದು ನಮ್ಮ ಹಿತ್ತಲಿನಲ್ಲಿ ನಿಂತೇ ಹೇಳುವಷ್ಟು ಅವಳ ಮೂಗು ಚುರುಕಾಯಿತು.

ನಡೆದರೆ ಕರಗೀತು ಎಂದು ಒಳಗೊಳಗೇ ಎಣಿಸಿ, ಅವಳಿಗೆ ದರ್ಶನದ ನೆಪ ಹೇಳಿ, ಒಂದು ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಲು ಹೊರಟೆವು. ಏದುಸಿರು ಬಂದದ್ದು ಅವಳಿಗಲ್ಲ, ನನಗೆ. ಇಳಿದು ಬಂದು ಬಸ್ಸಿನಲ್ಲಿ ಮೇಲೆ ಹೋದೆವು. ದರ್ಶನವಾದ ಮೇಲೆ ಚುರುಮುರಿ, ಖಾರ ಹಚ್ಚಿದ ಮಾವಿನಕಾಯಿ, ಮತ್ತೆ ಚುರುಮುರಿ. "ತಾಯೀನ ನೋಡಿದ್ಮೇಲೆ ಖಾಲಿ ಹೊಟ್ಟೇಲಿ ಇಳೀಬಾರ್ದು ಅಲ್ವೇನಕ್ಕ?" ಎಂದಳು. ಅಂಥ ಶಾಸ್ತ್ರವನ್ನು ನಾನು ಕೇಳಿರಲಿಲ್ಲ. ಆದರೂ ನನಗೂ ಹಸಿವಾಗಿದ್ದರಿಂದ ಒಪ್ಪಿಕೊಂಡೆ.

ದಪ್ಪಗಾಗಿದ್ದು ಗೊತ್ತಾದರೆ ಇವಳು ಮಾತ್ರೆ ಬಿಟ್ಟುಬಿಡುತ್ತಾಳೆ ಎಂಬ ಭಯ ನನಗೆ. ಅವಳು ಅಂಗಡಿಗೆ ಹೋದಾಗ ಅವಳ ರವಿಕೆ ತೆಗೆದು ಒಂದು ಸಾಲು ಬಿಚ್ಚುವುದು, ಸೂಜಿಯ ಗುರುತು ಕಾಣದಂತೆ ಇಸ್ತ್ರಿ ಹಾಕುವುದು, ಮಡಚಿ ಅದೇ ಜಾಗದಲ್ಲಿಡುವುದು. ಪಕ್ಕದಲ್ಲಿ ಮಡಚಿಟ್ಟ ಬಟ್ಟೆಯೆಲ್ಲ ಮುಗಿದಾಗ ಕಂಕುಳ ಕೆಳಗೆ ಅದೇ ಬಣ್ಣದ ಪಟ್ಟಿ ಕೂಡಿಸಿದೆ. ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ನಾನು ದುಡ್ಡು ಕೊಟ್ಟವರಿಗೂ ಮಾಡಿಲ್ಲ. ಸುಮ ಕನ್ನಡಿಯ ಮುಂದೆ ನಿಂತು "ಮುಖ ಊದ್ಕೊಂಡಂಗಿಲ್ವಾ?" ಎಂದು ಕೇಳಿದರೆ, "ಬೆಳಕು ಹಂಗೆ ಬೀಳ್ತದೆ ಕಣೆ" ಎನ್ನುತ್ತಿದ್ದೆ. "ಅದೂ ಸರಿ, ರವಿಕೆ ಹಿಡಿಸ್ತಾ ಅದಲ್ಲ" ಎಂದು ಅವಳೂ ಸುಮ್ಮನಾಗುತ್ತಿದ್ದಳು.

ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ತೂಕದ ಯಂತ್ರದ ಮೇಲೆ ಹತ್ತಿದವಳು ಕೆಳಗೆ ನೋಡಿ ಸಿಟ್ಟಾದಳು. "ನಿಮ್ಮ ಮಿಷನ್ನು ಕೆಟ್ಟೋಗಿದೆ ಸಾರ್! ಇದು ಹೋದ್ವರ್ಷದ ರವಿಕೆ. ಹೆಂಗೆ ಹಿಡಿಸ್ತಾ ಅದೆ ನೋಡಿ!" ಪರೀಕ್ಷೆಗೆಂದು ನರ್ಸಮ್ಮ ಹತ್ತಿದರು, ಸರಿಯಾಗಿ ತೋರಿಸಿತು. ಸುಮ ಒಪ್ಪಲಿಲ್ಲ. ಡಾಕ್ಟರು ಚಪ್ಪಲಿ ಬಿಟ್ಟು ತಾವೇ ಹತ್ತಿ, ಸ್ವಲ್ಪ ಹೊತ್ತು ಕೆಳಗೆ ನೋಡಿ, ಮೆಲ್ಲಗೆ ಇಳಿದು "ಮಿಷನ್ ಸರಿಯಾಗೇ ಇದೆ" ಎಂದು ಬೇಸರದಿಂದ ಹೇಳಿದರು. ಬಾಗಿಲಲ್ಲಿ ಕಾಯುತ್ತಿದ್ದ ಅಜ್ಜ ಒಬ್ಬರು "ನಾನೂ ಹತ್ಲಾ?" ಎಂದು ಕೇಳಿದರು. ಎಲ್ಲರೂ ನಕ್ಕೆವು.

ಸುಮ ನಗಲಿಲ್ಲ. ನನ್ನ ಸೆರಗು ಹಿಡಿದುಕೊಂಡು, "ಹಂಗಾದ್ರೆ ನಂಗೇ ಮತ್ತೆ ಶುರುವಾಗ್ಬಿಟ್ಟದೆ ಕಣಕ್ಕ. ಇಲ್ದಿದ್ದೆಲ್ಲ ಕಾಣ್ತಾ ಅದೆ. ಮಾತ್ರೆ ತಕ್ಕೊಂಡು ಏನು ಬಂತು, ಬಿಟ್ಬುಡ್ತೀನಿ" ಎಂದಳು.

ಅವಳ ತೋಳೆತ್ತಿ ಕಂಕುಳ ಕೆಳಗಿನ ಪಟ್ಟಿಯನ್ನು ಡಾಕ್ಟರಿಗೆ ತೋರಿಸಿದೆ. ಎಲ್ಲ ಹೇಳಿದೆ. "ಆಗಲೇ ಬಂದಿದ್ರೆ ಆಗಲೇ ಏನಾದ್ರೂ ಮಾಡಬಹುದಿತ್ತಲ್ರೀ" ಎಂದರು ಅವರು. ರಕ್ತ ಪರೀಕ್ಷೆಗೆ ಬರೆದರು. ನಿಧಾನವಾಗಿ ಬೇರೆ ಮಾತ್ರೆಗೆ ಬದಲಾಯಿಸೋಣ, ನೀವಾಗಿಯೇ ನಿಲ್ಲಿಸಬೇಡಿ ಎಂದರು. ಊಟಕ್ಕೆ ಮೊದಲು ಪಲ್ಯ, ದಿನಾ ನಡಿಗೆ ಎಂದರು. "ಈ ಹಸಿವು ಮಾತ್ರೆಯದು, ನಿಮ್ಮ ಆಸೆಬುರುಕತನ ಅಲ್ಲ" ಎಂದು ಸುಮಳಿಗೆ ಬಿಡಿಸಿ ಹೇಳಿದರು.

ಸುಮ ಮಾತ್ರೆ ಬಿಡಲಿಲ್ಲ. ನನ್ನ ಜೊತೆ ಮಾತು ಬಿಟ್ಟಳು. ಸಂಜೆ ಪಾರ್ಕಿನಲ್ಲಿ ಅವಳು ಮುಂದೆ, ನಾನು ಹಿಂದೆ. ಬೋಂಡದ ಗಾಡಿ ಬಂದಾಗ ಮಾತ್ರ ಇಬ್ಬರ ಕಾಲೂ ಒಟ್ಟಿಗೆ ನಿಧಾನವಾಗುತ್ತಿತ್ತು. "ನಿನ್ನ ಒಳ್ಳೇದಕ್ಕೇ ತಾನೆ ಮಾಡಿದ್ದು" ಎಂದು ಅವಳ ಬೆನ್ನಿಗೆ ಹೇಳುತ್ತಿದ್ದೆ. ನಡೆದದ್ದನ್ನು ಒಪ್ಪಿಕೊಳ್ಳುವುದು ಬೇರೆ, ಕ್ಷಮೆ ಕೇಳುವುದು ಬೇರೆ. ಹೊಲಿಗೆಯವರಿಗೆ ಎರಡನೆಯದರ ಅಭ್ಯಾಸವೇ ಇಲ್ಲ. ತೋಳು ತಿರುವುಮುರುವಾಗಿ ಕೂತಿದ್ದರೂ ನಾವು ಹೇಳುವುದು ಒಂದೇ: "ಬಿಚ್ಚಿ ಕೊಡಿ, ಸರಿ ಮಾಡ್ಕೊಡ್ತೀನಿ."

ಹೋದ ವಾರ ಅವಳು ನನಗೆ ತಕ್ಕ ಶಾಸ್ತಿ ಮಾಡಿದಳು. ಪಕ್ಕದ ಕ್ರಾಸಿನ ಬೇರೊಬ್ಬರ ಹತ್ತಿರ ರವಿಕೆ ಹೊಲಿಸಿಕೊಂಡು, ತೊಟ್ಟು ನನ್ನ ಮುಂದೆ ನಿಂತಳು. ಒಂದು ಭುಜ ಕುವೆಂಪುನಗರಕ್ಕೆ ಹೊರಟಿತ್ತು, ಇನ್ನೊಂದು ದಟ್ಟಗಳ್ಳಿಗೆ. ನನ್ನ ಕೈಗೆ ತುರಿಕೆ ಹತ್ತಿತು.

"ಚೆನ್ನಾಗಿಲ್ಲ, ಗೊತ್ತು" ಎಂದಳು. "ಆದ್ರೆ ಇದು ನನ್ನ ಅಳತೆ. ಬಿಗಿಯಾದ್ರೆ ಮೊದ್ಲು ನಂಗೇ ಗೊತ್ತಾಗ್ಲಿ."

ಬಿಚ್ಚಿ ಕೊಡು ಎಂಬ ಮಾತು ತುಟಿಯವರೆಗೆ ಬಂದಿತ್ತು. ನುಂಗಿಕೊಂಡೆ.

"ತಪ್ಪಾಯ್ತು ಕಣೆ ಸುಮಾ" ಎಂದೆ. "ನಿನ್ನ ಕಣ್ಣು ಸರಿಯಾಗೇ ನೋಡ್ತಿತ್ತು. ಅದನ್ನ ಸುಳ್ಳು ಮಾಡ್ದೋಳು ನಾನು."